ಗಾಳಿ ತಿರುಗಿದಾಗ: ಸಿಡ್ನಿಯಿಂದ ಹೋಬಾರ್ಟ್‌ಗೆ ಹಾಯಿದೋಣಿ ಹೋಗುವ ಬಗೆ

ಕೊಮಾಂಚಿ ಎಂಬ ನೂರು ಅಡಿ ಉದ್ದದ ಹಾಯಿದೋಣಿ 2015ರಲ್ಲಿ ಸಿಡ್ನಿಯಿಂದ ಹೋಬಾರ್ಟ್ ತಲುಪಲು 2 ದಿನ 8 ಗಂಟೆ 58 ನಿಮಿಷ ತೆಗೆದುಕೊಂಡಿತು. ಎರಡು ವರ್ಷ ಕಳೆದ ಮೇಲೆ, 2017ರಲ್ಲಿ, ಅದೇ ದೋಣಿ ಅದೇ ದಾರಿಯನ್ನು 1 ದಿನ 9 ಗಂಟೆ 15 ನಿಮಿಷದಲ್ಲಿ ಮುಗಿಸಿ ಪಂದ್ಯದ ದಾಖಲೆ ಬರೆಯಿತು. ಅಂತರ ಹೆಚ್ಚುಕಡಿಮೆ ಒಂದು ಇಡೀ ದಿನ. ಒಡೆಯರು ಬದಲಾಗಿದ್ದರು, ತಂಡ ಬದಲಾಗಿತ್ತು, ನಿಜ. ಆದರೆ ಇಷ್ಟು ದೊಡ್ಡ ಅಂತರ ತಂದದ್ದು ಗಾಳಿ. 2017ರಲ್ಲಿ ಅದು ದಾರಿಯ ಬಹುಪಾಲು ಬೆನ್ನ ಹಿಂದಿನಿಂದ ಬೀಸಿತು. 2015ರಲ್ಲಿ ಮೊದಲ ರಾತ್ರಿಯೇ ಎದುರಿಗೆ ಬಂದು ನಿಂತಿತು.

ಸಿಡ್ನಿ–ಹೋಬಾರ್ಟ್ ಪಂದ್ಯ ಅರ್ಥವಾಗಬೇಕಾದರೆ ಈ ಒಂದು ಸಂಗತಿಯಿಂದ ಹೊರಡುವುದು ಒಳ್ಳೆಯದು. ದೂರ 628 ನಾಟಿಕಲ್ ಮೈಲಿ, ಅಂದರೆ ಸುಮಾರು 1,163 ಕಿಲೋಮೀಟರ್. ಕಾಗದದ ಮೇಲೆ ದಾರಿ ಬಲು ಸರಳ: ಬಂದರಿನಿಂದ ಹೊರಬಿದ್ದು ಬಲಕ್ಕೆ ತಿರುಗಿ, ಆಸ್ಟ್ರೇಲಿಯಾದ ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದು, ಬಾಸ್ ಜಲಸಂಧಿ ದಾಟಿ, ಟಾಸ್ಮೇನಿಯಾದ ಪೂರ್ವ ತೀರ ಹಿಡಿದು, ಕೊನೆಗೆ ಡರ್ವೆಂಟ್ ನದಿಯೊಳಗೆ ನುಗ್ಗಿ ಹೋಬಾರ್ಟ್ ಮುಟ್ಟಬೇಕು. ಆದರೆ ಈ ದಾರಿಯಲ್ಲಿ ಗಾಳಿ ನಾಲ್ಕಾರು ಸಲ ಪೂರಾ ಬದಲಾಗುತ್ತದೆ. ಪ್ರತಿ ಬದಲಾವಣೆಗೂ ದೋಣಿಯ ಮೇಲಿನವರು ಹಾಯಿ ಬದಲಿಸಬೇಕು, ಕೂರುವ ಜಾಗ ಬದಲಿಸಬೇಕು, ಮಲಗಿದವರು ಎದ್ದು ಬರಬೇಕು. ತಂಡದ ಪಟ್ಟು, ಛಲ ಎಂದು ನಾವು ಪತ್ರಿಕೆಗಳಲ್ಲಿ ಓದುವುದೆಲ್ಲ ಹತ್ತಿರದಿಂದ ನೋಡಿದರೆ ಈ ಕೆಲಸಗಳೇ.

ಪಂದ್ಯ ಹುಟ್ಟಿದ್ದು 1945ರಲ್ಲಿ. ಪೀಟರ್ ಲೂಕ್ ಮತ್ತು ಗೆಳೆಯರು ಹೋಬಾರ್ಟಿಗೆ ಹಾಯಾಗಿ ಒಂದು ವಿಹಾರ ಹೋಗಿಬರುವ ಯೋಚನೆಯಲ್ಲಿದ್ದರು. ಆಗ ಸಿಡ್ನಿಯಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಜಾನ್ ಇಲಿಂಗ್‌ವರ್ತ್, ಇದನ್ನೇಕೆ ಪಂದ್ಯ ಮಾಡಬಾರದು ಎಂದರು. ಒಂಬತ್ತು ದೋಣಿಗಳು ಹೊರಟವು. ದಾರಿಯಲ್ಲಿ ಬಿರುಗಾಳಿ ಎದ್ದಿತು. ಇಲಿಂಗ್‌ವರ್ತ್ ತಮ್ಮ ‘ರಾಣಿ’ಯನ್ನು ನಿಲ್ಲಿಸದೆ ನಡೆಸಿದರು. ದಿನಗಟ್ಟಲೆ ಸುದ್ದಿಯಿಲ್ಲದೆ ಆ ದೋಣಿ ಕಳೆದೇಹೋಯಿತು ಎಂದು ದಡದವರು ಆತಂಕದಲ್ಲಿದ್ದಾಗ ಅದು ಟಾಸ್ಮೇನಿಯಾದ ಬಳಿ ಕಾಣಿಸಿಕೊಂಡಿತು. 6 ದಿನ 14 ಗಂಟೆಯಲ್ಲಿ ಗುರಿ ಮುಟ್ಟಿ ಗೆದ್ದಿತು. ಪೀಟರ್ ಲೂಕ್ ಅವರ ‘ವೇಫೇರರ್’ ಬಂದು ಸೇರಿದ್ದು 11 ದಿನ 6 ಗಂಟೆಗೆ. ಪಂದ್ಯದ ಚರಿತ್ರೆಯಲ್ಲೇ ಅತಿ ನಿಧಾನದ ಓಟ ಅದು. ಅದಕ್ಕೂ ನನ್ನ ಮನಸ್ಸಿನಲ್ಲಿ ಗೆದ್ದ ದೋಣಿಯಷ್ಟೇ ಗೌರವವಿದೆ.

ಗಾಳಿಗೆ ಎದುರಾಗಿ ಹೋಗುವುದು ಹೇಗೆ?

ಹಾಯಿದೋಣಿಯನ್ನು ದೂರದಿಂದ ಮಾತ್ರ ಕಂಡವರಿಗೆ ಮೊದಲು ಹುಟ್ಟುವ ಪ್ರಶ್ನೆ ಇದೇ. ಹಿಂದಿನಿಂದ ಗಾಳಿ ಬಂದರೆ ದೋಣಿ ಮುಂದೆ ಹೋಗುವುದು ಸಹಜ. ಎದುರಿನಿಂದ ಬಂದರೆ?

ಹಾಯಿಯ ಬಟ್ಟೆ ಚಪ್ಪಟೆಯಾಗಿರುವುದಿಲ್ಲ, ವಿಮಾನದ ರೆಕ್ಕೆಗಿರುವಂಥ ಬಾಗು ಅದಕ್ಕಿರುತ್ತದೆ. ಗಾಳಿ ಓರೆಯಾಗಿ ಬಂದು ಅದರ ಎರಡೂ ಮೈ ಸವರಿಕೊಂಡು ಹೋಗುವಾಗ ಹಾಯಿ ಒಂದು ಪಕ್ಕಕ್ಕೆ ಸೆಳೆಯಲ್ಪಡುತ್ತದೆ. ಆ ಸೆಳೆತದಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಅಡ್ಡಕ್ಕೆ ತಳ್ಳುವಂಥದು, ಸ್ವಲ್ಪ ಪಾಲು ಮುಂದಕ್ಕೆ ಒಯ್ಯುವಂಥದು. ಅಡ್ಡಕ್ಕೆ ಜಾರದಂತೆ ತಡೆಯುವುದು ನೀರಿನಡಿಯ ಕೀಲ್. ದೋಣಿಯ ತಳದಿಂದ ಆಳಕ್ಕೆ ಇಳಿಬಿಟ್ಟ, ತುದಿಯಲ್ಲಿ ಸೀಸದ ಭಾರವಿರುವ ಹಲಗೆಯಂಥ ಭಾಗ ಅದು. ಮೇಲೆ ಹಾಯಿ ಒತ್ತುತ್ತದೆ, ಕೆಳಗೆ ಕೀಲ್ ತಡೆಯುತ್ತದೆ. ಎರಡು ಬೆರಳ ನಡುವೆ ಅದುಮಿದ ಸೀತಾಫಲದ ಬೀಜ ಹೇಗೆ ಮುಂದಕ್ಕೆ ಚಿಮ್ಮುತ್ತದೋ ಹಾಗೆ ದೋಣಿ ಮುಂದೆ ಹೋಗುತ್ತದೆ.

ಆದರೂ ನೇರ ಗಾಳಿಯ ಬಾಯಿಗೆ ಮೂತಿ ಇಟ್ಟು ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಸುಮಾರು 40–45 ಡಿಗ್ರಿ ಓರೆ ಹಿಡಿಯಲೇಬೇಕು. ಹಾಗಾಗಿ ಎದುರುಗಾಳಿಯಲ್ಲಿ ದೋಣಿ ಒಂದಷ್ಟು ದೂರ ಎಡಕ್ಕೆ, ಮತ್ತೊಂದಷ್ಟು ದೂರ ಬಲಕ್ಕೆ ಅಂಕುಡೊಂಕಾಗಿ ನಡೆಯುತ್ತದೆ. ಹೀಗೆ ಗಾಳಿಗೆ ಮುಖಮಾಡಿ ತಿರುಗುವುದಕ್ಕೆ ಟ್ಯಾಕ್ ಎನ್ನುತ್ತಾರೆ. ನಕ್ಷೆಯಲ್ಲಿ ನೂರು ಮೈಲಿ ಎಂದಿದ್ದರೆ ನೀರಿನ ಮೇಲೆ ಅದು ನೂರನಲವತ್ತಾಗುತ್ತದೆ. 2015ಕ್ಕೂ 2017ಕ್ಕೂ ಇದ್ದ ಒಂದು ದಿನದ ಅಂತರಕ್ಕೆ ಇದು ದೊಡ್ಡ ಕಾರಣ.

ಹಿಂದಿನಿಂದ ಗಾಳಿ ಬರುವಾಗ ತಿರುಗುವುದು ಜೈಬ್. ನೋಡಲು ಸುಲಭ, ಅಪಾಯ ಮಾತ್ರ ಹೆಚ್ಚು. ಮುಖ್ಯ ಹಾಯಿಯ ಬುಡವನ್ನು ಹಿಡಿದಿರುವ ಬೂಮ್ ಎಂಬ ಅಡ್ಡಕೋಲು ಆಗ ದೋಣಿಯ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬೀಸಿ ಹೋಗುತ್ತದೆ. 2024ರ ಪಂದ್ಯದ ಮೊದಲ ರಾತ್ರಿ ಎರಡು ಬೇರೆ ಬೇರೆ ದೋಣಿಗಳಲ್ಲಿ ಇಬ್ಬರು ನಾವಿಕರು ಪ್ರಾಣ ಕಳೆದುಕೊಂಡದ್ದು ಬೂಮ್ ಮತ್ತು ಅದನ್ನು ಹತೋಟಿಯಲ್ಲಿಡುವ ಹಗ್ಗದ ಹೊಡೆತದಿಂದ. ಇಬ್ಬರೂ ಅನುಭವಿಗಳೇ.

ಮೊದಲ ಮಧ್ಯಾಹ್ನ, ಮೊದಲ ರಾತ್ರಿ

ಡಿಸೆಂಬರ್ 26ರ ಮಧ್ಯಾಹ್ನ ಒಂದು ಗಂಟೆಗೆ ಸಿಡ್ನಿ ಬಂದರಿನಲ್ಲಿ ತೋಪು ಹಾರುತ್ತದೆ. ನಮ್ಮಲ್ಲಿ ಆಗ ಬೆಳಗ್ಗೆ ಏಳೂವರೆ. ಬಂದರಿನ ಎರಡೂ ಕಡೆಯ ಗುಡ್ಡಗಳ ಮೇಲೆ ಸಾವಿರಾರು ಜನ ಸೇರಿರುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಕ್ರಿಸ್‌ಮಸ್ ಮರುದಿನದ ರಜೆಯಲ್ಲಿ ಪುಕ್ಕಟೆಯಾಗಿ ನೋಡಸಿಗುವ ಸೊಗಸು ಇದು.

ಅಲ್ಲಿ ಅದು ಬೇಸಿಗೆ. ನೆಲ ಕಾದು ಕಡಲು ತಂಪಾಗಿರುವುದರಿಂದ ಮಧ್ಯಾಹ್ನ ಈಶಾನ್ಯದ ಕಡಲಗಾಳಿ ಏಳುತ್ತದೆ. ಅದು ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ ಬರುವ ಗಾಳಿ. ಆಗ ದೋಣಿಗಳು ಮುಂದುಗಡೆ ಸ್ಪಿನಾಕರ್ ಎಂಬ ಉಬ್ಬಿದ ಬಣ್ಣದ ಹಾಯಿ ಏರಿಸುತ್ತವೆ. ಅದರ ಜೊತೆಗೆ ಕಡಲೇ ಒಂದು ಉಪಕಾರ ಮಾಡುತ್ತದೆ. ಪೂರ್ವ ಆಸ್ಟ್ರೇಲಿಯಾ ಪ್ರವಾಹ ಎಂಬ ಬೆಚ್ಚನೆಯ ನೀರಿನ ಹರಿವು ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗುತ್ತಿರುತ್ತದೆ. ಒಳ್ಳೆಯ ಜಾಗ ಸಿಕ್ಕರೆ ಎರಡು ಮೂರು ನಾಟ್ ವೇಗ ಬಿಟ್ಟಿಯಾಗಿ ದಕ್ಕುತ್ತದೆ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ. ಈ ಹರಿವು ಒಂದೇ ಕಡೆ ನಿಲ್ಲುವುದಿಲ್ಲ. ಸುಳಿಯುತ್ತದೆ, ಕವಲೊಡೆಯುತ್ತದೆ, ಕೆಲವೆಡೆ ಹಿಂದಕ್ಕೂ ಹರಿಯುತ್ತದೆ. ಅದನ್ನು ಹುಡುಕಲು ಉಪಗ್ರಹದ ನಕ್ಷೆಗಳ ಜೊತೆಗೆ ದಾರಿ ನಿರ್ಧರಿಸುವ ನೇವಿಗೇಟರ್ ನೀರಿನ ಉಷ್ಣಾಂಶವನ್ನೂ ನೋಡುತ್ತಿರುತ್ತಾರೆ. ನೀರು ಬೆಚ್ಚಗಾಯಿತೆಂದರೆ ಹರಿವಿನೊಳಗೆ ಬಂದಂತೆ. ದಡದ ಹತ್ತಿರವೇ ಹೋಗಬೇಕೋ, ಇಪ್ಪತ್ತು ಮೂವತ್ತು ಮೈಲಿ ಹೊರಗೆ ಸರಿಯಬೇಕೋ ಎಂಬ ಮೊದಲ ದೊಡ್ಡ ತೀರ್ಮಾನ ಇಲ್ಲಾಗುತ್ತದೆ.

ಆಮೇಲೆ ಬರುವುದು ತೆಂಕುಗಾಳಿ. ಪ್ರತಿ ವರ್ಷ ಬಂದೇ ಬರುತ್ತದೆ ಎಂದಿಲ್ಲ, ಆದರೆ ಬರುವ ವರ್ಷಗಳೇ ಹೆಚ್ಚು.

ಆಸ್ಟ್ರೇಲಿಯಾದ ದಕ್ಷಿಣದ ಮಹಾಸಾಗರದಲ್ಲಿ ವಾಯುಭಾರ ಕುಸಿತಗಳು ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಸಾಗುತ್ತಿರುತ್ತವೆ. ನಮ್ಮ ಅರಬ್ಬಿ ಸಮುದ್ರದ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತಿದರೆ, ಭೂಮಧ್ಯರೇಖೆಯ ಆಚೆಯ ಈ ಕುಸಿತಗಳು ಪ್ರದಕ್ಷಿಣವಾಗಿ ಸುತ್ತುತ್ತವೆ. ಹಾಗಾಗಿ ಕುಸಿತದ ಮುಂಭಾಗದಲ್ಲಿ ಉತ್ತರದ ಬಿಸಿಗಾಳಿ, ಅದು ದಾಟಿಹೋದ ಮೇಲೆ ದಕ್ಷಿಣದ ತಣ್ಣನೆಯ ಗಾಳಿ. ಈ ತಣ್ಣನೆಯ ಗಾಳಿ ಭಾರ, ನೆಲಕ್ಕೆ ಅಂಟಿಕೊಂಡೇ ಬರುತ್ತದೆ. ಪೂರ್ವ ಕರಾವಳಿಯ ಉದ್ದಕ್ಕೂ ಗ್ರೇಟ್ ಡಿವೈಡಿಂಗ್ ಪರ್ವತಸಾಲು ಇದೆ. ಅದನ್ನು ಹತ್ತಿ ದಾಟಲಾರದ ಗಾಳಿ, ಬೆಟ್ಟಕ್ಕೂ ಕಡಲಿಗೂ ನಡುವಿನ ಓಣಿಯಲ್ಲಿ ಉತ್ತರಕ್ಕೆ ನುಗ್ಗುತ್ತದೆ. ಸಿಡ್ನಿಯವರು ಇದನ್ನು ಸದರ್ಲಿ ಬಸ್ಟರ್ ಎನ್ನುತ್ತಾರೆ. ಕೆಲವೇ ನಿಮಿಷದಲ್ಲಿ ಸೆಖೆ ಹತ್ತು ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಳಿಯುತ್ತದೆ. ಬೆನ್ನಿಗೆ 20 ನಾಟ್ ಬೀಸುತ್ತಿದ್ದ ಗಾಳಿ ಒಮ್ಮೆ ಸತ್ತು, ಎದುರಿನಿಂದ 35–40 ನಾಟ್ ಆಗಿ ಎದ್ದು ಬರುತ್ತದೆ.

ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ಇಮ್ಮಡಿಯಲ್ಲ, ನಾಲ್ಕು ಪಟ್ಟು. 20 ನಾಟ್‌ನಲ್ಲಿ ಸುಖವಾಗಿದ್ದ ಹಾಯಿ 40ರಲ್ಲಿ ದೋಣಿಯನ್ನು ಮಗ್ಗುಲಿಗೆ ಮಲಗಿಸುತ್ತದೆ, ಇಲ್ಲವೇ ತಾನೇ ಹರಿಯುತ್ತದೆ. ಎಂಟು ಸಲ ಮೊದಲು ಬಂದು ಗುರಿ ಮುಟ್ಟಿದ್ದ ವೈಲ್ಡ್ ಓಟ್ಸ್ ಇಲೆವೆನ್ 2015ರ ಮೊದಲ ರಾತ್ರಿಯೇ ಮುಖ್ಯ ಹಾಯಿ ಹರಿದುಕೊಂಡು ವಾಪಸಾಯಿತು.

ಆದ್ದರಿಂದ ಕೆಲಸವೆಲ್ಲ ಗಾಳಿ ಬರುವ ಮೊದಲೇ ಆಗಬೇಕು. ಬ್ಯಾರೋಮೀಟರ್ ಇಳಿಯುತ್ತಿರುತ್ತದೆ. ದಕ್ಷಿಣದ ಕರಾವಳಿ ಕೇಂದ್ರಗಳಲ್ಲಿ ಗಾಳಿ ಎಷ್ಟು ಹೊತ್ತಿಗೆ ತಿರುಗಿತು ಎಂಬ ವರದಿ ಬರುತ್ತಿರುತ್ತದೆ. ಅದನ್ನು ನೋಡಿ ತಮ್ಮ ಬಳಿಗೆ ಬರಲು ಇನ್ನೆಷ್ಟು ಹೊತ್ತು ಎಂದು ನೇವಿಗೇಟರ್ ಲೆಕ್ಕ ಹಾಕುತ್ತಾರೆ. ಬಿಸಿ ಊಟ ಆಗಲೇ ಮುಗಿಯಬೇಕು, ಏಕೆಂದರೆ ಮುಂದಿನ ಹತ್ತು ಹನ್ನೆರಡು ಗಂಟೆ ಒಲೆ ಹಚ್ಚುವ ಮಾತಿಲ್ಲ. ಮಳೆಯಂಗಿ, ಲೈಫ್ ಜಾಕೆಟ್, ಅದಕ್ಕೆ ಸಿಕ್ಕಿಸುವ ಟೆದರ್ ಹಗ್ಗ ಎಲ್ಲರ ಮೈಮೇಲೂ ಇರಬೇಕು. ಒಳಗಿನ ಸಡಿಲ ಸಾಮಾನು ಕಟ್ಟಬೇಕು.

ಆಮೇಲೆ ರೀಫ್. ಮುಖ್ಯ ಹಾಯಿಯನ್ನು ಕೆಳಗಿಂದ ಮಡಚಿ ಕಿರಿದು ಮಾಡುವುದಕ್ಕೆ ಈ ಹೆಸರು. ಚುಕ್ಕಾಣಿ ಹಿಡಿದವರು ದೋಣಿಯನ್ನು ಗಾಳಿಯ ಕಡೆಗೆ ತುಸು ತಿರುಗಿಸಿ ಹಾಯಿಯ ಬಿಗಿ ಇಳಿಸುತ್ತಾರೆ. ಒಬ್ಬರು ಬೂಮ್‌ನ ಹಗ್ಗ ಸಡಿಲಿಸುತ್ತಾರೆ. ಇನ್ನೊಬ್ಬರು ಹಾಯಿ ಏರಿಸಿದ ಹಗ್ಗವನ್ನು, ಅದರ ಮೇಲೆ ಮೊದಲೇ ಹಾಕಿಟ್ಟ ಗುರುತು ಬರುವವರೆಗೆ ಬಿಡುತ್ತಾರೆ. ಹಾಯಿಕಂಬದ ಬುಡದಲ್ಲಿ ನಿಂತವರು ಇಳಿದು ಬಂದ ಹಾಯಿಯ ಮುಂಬದಿಯ ಬಳೆಯನ್ನು ಕೈಯಿಂದಲೇ ಎಳೆದು ಕೊಕ್ಕೆಗೆ ಸಿಕ್ಕಿಸುತ್ತಾರೆ. ಹಿಂಬದಿಯ ಮೂಲೆಯನ್ನು ಬೂಮ್‌ಗೆ ಬಿಗಿಯಲು ಮತ್ತೊಬ್ಬರು ವಿಂಚ್ ಎಂಬ ಹಗ್ಗ ಬಿಗಿಯುವ ರಾಟೆ ತಿರುಗಿಸುತ್ತಾರೆ. ಮತ್ತೆ ಹಾಯಿ ಏರಿಸಿ ಬಿಗಿ ಮಾಡಿದರೆ ಮುಗಿಯಿತು. ಪಳಗಿದ ತಂಡಕ್ಕೆ ಹಗಲಿನಲ್ಲಿ ಇದು ಎರಡು ಮೂರು ನಿಮಿಷದ ಕೆಲಸ. ಕತ್ತಲಲ್ಲಿ, ಅಲೆ ಮೈಮೇಲೆ ಬಿದ್ದು ಹೋಗುತ್ತಿರುವಾಗ, ಮರಗಟ್ಟಿದ ಬೆರಳಿನಲ್ಲಿ ಅದೇ ಬಳೆ ಅದೇ ಕೊಕ್ಕೆಗೆ ಸಿಗದೆ ಹತ್ತು ನಿಮಿಷವೂ ಆಗಬಹುದು. ಹೋಬಾರ್ಟ್ ಓಟದ ಮೊದಲು ತಂಡಗಳು ತಿಂಗಳುಗಟ್ಟಲೆ ಬೇರೆ ಸಣ್ಣ ಪಂದ್ಯಗಳಲ್ಲಿ ಇದನ್ನೇ ಮತ್ತೆ ಮತ್ತೆ ಮಾಡುವುದು ಇದಕ್ಕಾಗಿ.

ತೆಂಕುಗಾಳಿ ಬಂದ ಮೇಲೆ ಕಡಲಿನ ಉಪಕಾರವೂ ಕೇಡಾಗುತ್ತದೆ. ನೀರು ದಕ್ಷಿಣಕ್ಕೆ ಹರಿಯುತ್ತಿದೆ, ಗಾಳಿ ಉತ್ತರಕ್ಕೆ ಬೀಸುತ್ತಿದೆ. ಎದುರುಬದುರಾದಾಗ ಅಲೆಗಳು ಕುಗ್ಗಿ ಹತ್ತಿರ ಹತ್ತಿರವಾಗುತ್ತವೆ, ಕಡಿದಾಗಿ ಎದ್ದು ನಿಲ್ಲುತ್ತವೆ. ದೋಣಿ ಅಲೆಯ ನೆತ್ತಿಗೆ ಏರಿ ಆಚೆ ನೇರ ಕೆಳಗೆ ಬೀಳುತ್ತದೆ. ಪ್ರವಾಹ ಬಿಟ್ಟು ದಡದ ಕಡೆ ಸರಿಯಬೇಕೋ, ಪೆಟ್ಟು ತಿಂದರೂ ಅದರ ವೇಗ ಉಳಿಸಿಕೊಳ್ಳಬೇಕೋ ಎಂಬುದನ್ನು ಪ್ರತಿ ನಾಯಕರೂ ತಮ್ಮ ದೋಣಿಯ ಗಟ್ಟಿತನ ನೋಡಿ ತೀರ್ಮಾನಿಸುತ್ತಾರೆ.

ಪಾಳಿ, ನಿದ್ದೆ, ಊಟ

ಹತ್ತು ಮಂದಿಯ ದೋಣಿಯಲ್ಲಿ ಸಾಮಾನ್ಯವಾಗಿ ಎರಡು ಪಾಳಿ. ಮೂರೋ ನಾಲ್ಕೋ ಗಂಟೆ ಮೇಲೆ, ಅಷ್ಟೇ ಹೊತ್ತು ಕೆಳಗೆ. ಮೇಲಿನವರಲ್ಲಿ ಚುಕ್ಕಾಣಿ ಮತ್ತು ಹಗ್ಗ ಹಿಡಿದವರನ್ನು ಬಿಟ್ಟು ಉಳಿದವರೆಲ್ಲ ಗಾಳಿ ಬರುವ ಬದಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂರುತ್ತಾರೆ. ಅವರ ಮೈಭಾರ ದೋಣಿಯನ್ನು ನೆಟ್ಟಗಿಡುತ್ತದೆ. ಮುಖಕ್ಕೆ ಉಪ್ಪುನೀರು ರಾಚುತ್ತಿದ್ದರೂ ಕೂತೇ ಇರಬೇಕು. ಹೊರಗಿನವರ ಕಣ್ಣಿಗೆ ಏನೂ ಮಾಡದೆ ಕೂತಂತೆ ಕಾಣುವ ಈ ಗಂಟೆಗಳೇ ಇಡೀ ಓಟದ ಅತಿ ಕಷ್ಟದ ಭಾಗ ಎಂದು ನಾನು ನಂಬುತ್ತೇನೆ.

ಕೆಳಗೆ ಮಲಗಿದವರ ಭಾರವೂ ಲೆಕ್ಕಕ್ಕಿದೆ. ಅವರು ಗಾಳಿಯ ಬದಿಯ ಮಂಚದಲ್ಲೇ ಮಲಗುತ್ತಾರೆ, ಬೀಳದಂತೆ ಅಡ್ಡಕ್ಕೆ ಬಟ್ಟೆ ಕಟ್ಟಿರುತ್ತದೆ. ದೋಣಿ ಟ್ಯಾಕ್ ಮಾಡಿದರೆ ಗಾಳಿಯ ಬದಿ ಬದಲಾಗುತ್ತದೆ. ಆಗ ನಿದ್ದೆಯಿಂದ ಎದ್ದು ಆಚೆ ಮಗ್ಗುಲಿನ ಮಂಚಕ್ಕೆ ಹೋಗಬೇಕು. ಬಳಸದ ಹಾಯಿಗಳ ಒದ್ದೆ ಮೂಟೆಗಳನ್ನೂ ಎಳೆದು ಆ ಕಡೆ ಹಾಕಬೇಕು. ತಲೆಗೊಂದು ಮಂಚ ಇರುವುದಿಲ್ಲ. ಒಬ್ಬರು ಎದ್ದು ಹೋದ ಬೆಚ್ಚನೆಯ ಜಾಗಕ್ಕೆ ಇನ್ನೊಬ್ಬರು ಒದ್ದೆ ಬಟ್ಟೆಯಲ್ಲೇ ಬಂದು ಒರಗುತ್ತಾರೆ.

ಕಡಲಬೇನೆ ಬಹಳ ಮಂದಿಯನ್ನು ಕಾಡುತ್ತದೆ, ಹಳಬರನ್ನೂ ಬಿಡದು. ಮಾತ್ರೆಯನ್ನು ಹೊರಡುವ ಮೊದಲೇ ನುಂಗಿದರೆ ಫಲ. ವಾಂತಿ ಶುರುವಾದ ಮೇಲೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಉಣ್ಣದವರು, ನೀರು ಕುಡಿಯದವರು ಮೊದಲು ಚಳಿಗೆ ನಡುಗುತ್ತಾರೆ, ಆಮೇಲೆ ತಪ್ಪು ತೀರ್ಮಾನ ಮಾಡುತ್ತಾರೆ. ಒಳ್ಳೆಯ ನಾಯಕರು ರಾತ್ರಿ ಎರಡು ಗಂಟೆಗೆ ಮೊದಲು ಕೇಳುವುದು ಗಾಳಿಯ ವಿಚಾರವನ್ನಲ್ಲ, ಯಾರು ಯಾರು ಏನು ತಿಂದಿರಿ ಎಂದು.

ಮುಂದೆ ಹೋಗುವುದೋ, ಹಿಂತಿರುಗುವುದೋ

ಆಸ್ಟ್ರೇಲಿಯಾದ ಮುಖ್ಯ ಭೂಮಿ ಮುಗಿಯುವ ಮೊದಲು ಗ್ರೀನ್ ಕೇಪ್ ಎಂಬ ಭೂಶಿರ ಸಿಗುತ್ತದೆ. ಅಲ್ಲಿ ಪ್ರತಿ ದೋಣಿಯೂ ಪಂದ್ಯದ ಅಧಿಕಾರಿಗಳಿಗೆ ವರದಿ ಕೊಡಬೇಕು: ರೇಡಿಯೊ ಕೆಲಸ ಮಾಡುತ್ತಿದೆ, ಎಂಜಿನ್ ಮತ್ತು ಬ್ಯಾಟರಿ ಸರಿಯಿವೆ, ಜೀವರಕ್ಷಕ ತೆಪ್ಪ ಇದೆ, ದೋಣಿಯೂ ಜನರೂ ಮುಂದುವರಿಯುವ ಸ್ಥಿತಿಯಲ್ಲಿದ್ದಾರೆ, ನಾಯಕರು ಇತ್ತೀಚಿನ ಹವಾಮಾನ ವರದಿಯನ್ನು ನೋಡಿದ್ದಾರೆ ಎಂದು. ಇದನ್ನು ಹೇಳಲಾಗದಿದ್ದರೆ ಹತ್ತಿರದ ಈಡನ್ ಬಂದರಿಗೆ ತಿರುಗಬಹುದು. ಹಲವು ವರ್ಷ ಕೆಲವರು ತಿರುಗುತ್ತಾರೆ.

ಈ ಕಟ್ಟಳೆಯ ಹಿಂದೆ 1998ರ ಪಂದ್ಯವಿದೆ. ಆ ವರ್ಷ ಬಾಸ್ ಜಲಸಂಧಿಯ ಬಳಿ ವಾಯುಭಾರ ಕುಸಿತವೊಂದು ಭೀಕರವಾಗಿ ಬಲಿಯಿತು. ಜಲಸಂಧಿಯ ಸರಾಸರಿ ಆಳ ಅರವತ್ತು ಮೀಟರಿನಷ್ಟೇ. ಆಳದ ಮಹಾಸಾಗರದಿಂದ ಬರುವ ದೊಡ್ಡ ಅಲೆಗಳು ಅಲ್ಲಿ ಕಾಲು ತಾಗಿ ಎತ್ತರವಾಗಿ ಒಡೆಯುತ್ತವೆ. ಗಾಳಿಯ ರಭಸ 70 ನಾಟ್ ಮೀರಿತು. ಹೊರಟ 115 ದೋಣಿಗಳಲ್ಲಿ ಹೋಬಾರ್ಟ್ ಮುಟ್ಟಿದ್ದು 44. ಐದು ಮುಳುಗಿದವು. 55 ಮಂದಿಯನ್ನು ರಕ್ಷಿಸಲಾಯಿತು, ಹೆಚ್ಚಿನವರನ್ನು ಹೆಲಿಕಾಪ್ಟರುಗಳು ಅಲೆಗಳ ಮೇಲಿಂದ ಎತ್ತಿದವು. ಆರು ಜನ ತೀರಿಕೊಂಡರು. 1945ರ ಮೊದಲ ಪಂದ್ಯದಲ್ಲಿ ಓಡಿದ್ದ ‘ವಿನ್‌ಸ್ಟನ್ ಚರ್ಚಿಲ್’ ಎಂಬ ಮರದ ದೋಣಿ ಅಲ್ಲೇ ಮುಳುಗಿತು, ಅದರಲ್ಲಿದ್ದ ಮೂವರು ಹೋದರು.

ಅದೇ ವರ್ಷ ಹೊಂದಿಸಿದ ಸಮಯದ ಲೆಕ್ಕದಲ್ಲಿ (ಇದರ ವಿವರ ಮುಂದಿದೆ) ಒಟ್ಟಾರೆ ಗೆದ್ದದ್ದು ‘ಎಎಫ್‌ಆರ್ ಮಿಡ್‌ನೈಟ್ ರ‍್ಯಾಂಬ್ಲರ್’. ಉದ್ದ ಬರೀ 35 ಅಡಿ, ಒಳಗೆ ಏಳು ಮಂದಿ. ನಾಯಕ ಎಡ್ ಸಾಲ್ಟಿಸ್ ಮತ್ತು ಜೊತೆಗಾರರು ಮುಂದೆ ಹೋಗಲು ತೀರ್ಮಾನಿಸಿದ್ದಕ್ಕೆ ಹಟ ಕಾರಣವಲ್ಲ. ತಿರುಗಿದರೆ ಅಲೆಗಳು ಪಕ್ಕದಿಂದ, ಹಿಂದಿನಿಂದ ಬಂದು ದೋಣಿಯನ್ನು ಉರುಳಿಸುತ್ತವೆ. ಮೂತಿ ಅಲೆಗೆ ಕೊಟ್ಟು ಹೋಗುವುದೇ ತಮ್ಮ ದೋಣಿಗೆ ಸುರಕ್ಷಿತ ಎಂಬುದು ಅವರ ಲೆಕ್ಕ. ಬೇರೆ ಜಾಗದಲ್ಲಿ, ಬೇರೆ ದೋಣಿಯಲ್ಲಿ ಇದ್ದವರಿಗೆ ಹಿಂತಿರುಗುವುದೇ ಸರಿಯಾದ ಲೆಕ್ಕವಾಗಿತ್ತು. ಆ ದಿನ ಈಡನ್ ಸೇರಿ ತಮ್ಮವರನ್ನೆಲ್ಲ ದಡ ಮುಟ್ಟಿಸಿದ ನಾಯಕರನ್ನು ಸೋತವರ ಪಟ್ಟಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೊಂದು ಬಗೆಯ ಪಟ್ಟೂ ಇದೆ. 2015ರ ಮೊದಲ ರಾತ್ರಿ ಕೊಮಾಂಚಿ ನೀರಿನಲ್ಲಿದ್ದ ಯಾವುದಕ್ಕೋ ಬಡಿಯಿತು. ಚುಕ್ಕಾಣಿಗೂ ನೀರಿಗಿಳಿಬಿಡುವ ಅಡ್ಡಹಲಗೆಗೂ ಪೆಟ್ಟಾಯಿತು. ಪಂದ್ಯ ಬಿಡುತ್ತಿದ್ದೇವೆ ಎಂದು ತಿಳಿಸಿದ್ದೂ ಆಯಿತು. ಆಮೇಲೆ ತಂಡದವರು ಮುರಿದದ್ದನ್ನು ಅಲ್ಲೇ ಸರಿಪಡಿಸಲು ಕೂತರು, ದೋಣಿ ಮತ್ತೆ ಹತೋಟಿಗೆ ಬಂತು, ತಿರುಗಿ ದಕ್ಷಿಣಕ್ಕೆ ಹೊರಟರು. ಹೋಬಾರ್ಟಿಗೆ ಎಲ್ಲರಿಗಿಂತ ಮೊದಲು ಬಂದವರು ಅವರೇ. ಮೊದಲು ಹೇಳಿದ ಆ 2 ದಿನ 8 ಗಂಟೆಯಲ್ಲಿ ಈ ರಿಪೇರಿಯ ಹೊತ್ತೂ ಸೇರಿದೆ.

ಗಾಳಿಯೇ ಇಲ್ಲದಾಗ

ಟಾಸ್ಮೇನಿಯಾದ ತುದಿಯಲ್ಲಿ ಟಾಸ್ಮನ್ ದ್ವೀಪದ ಕಂಬಗಳಂಥ ಕಲ್ಲಿನ ಕಡಿದಾದ ಬಂಡೆಗಳು ಕಂಡವೆಂದರೆ ಉಳಿದದ್ದು ಸುಮಾರು 40 ಮೈಲಿ. ಸ್ಟಾರ್ಮ್ ಬೇ ಕೊಲ್ಲಿ ದಾಟಿ, ಐರನ್ ಪಾಟ್ ದೀಪಸ್ತಂಭದ ಬಳಿ ಡರ್ವೆಂಟ್ ನದಿಯೊಳಗೆ ಬರಬೇಕು. ಕಡಲಲ್ಲಿ 40 ನಾಟ್ ಕಂಡು ಬಂದವರಿಗೆ ನದಿಯಲ್ಲಿ ಕಾದಿರುವುದು ಇದರ ತದ್ವಿರುದ್ಧ. ಕತ್ತಲಾದ ಮೇಲೆ ಇಲ್ಲಿ ಗಾಳಿ ಆಗಾಗ ಪೂರಾ ನಿಂತುಹೋಗುತ್ತದೆ. ಎರಡು ದಿನ ನಿದ್ದೆಗೆಟ್ಟ ಜನ ಊರಿನ ದೀಪಗಳನ್ನು ನೋಡುತ್ತ ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕಾಗುತ್ತದೆ. ಆಗ ಅತಿ ತೆಳು ಹಾಯಿ ಏರಿಸುತ್ತಾರೆ, ದೋಣಿಯ ಮೇಲೆ ಹೆಜ್ಜೆ ಸಪ್ಪಳ ಮಾಡದೆ ನಡೆಯುತ್ತಾರೆ, ನೀರಿನ ಮೇಲೆ ಎಲ್ಲಿ ಸುಕ್ಕು ಕಂಡಿತು ಎಂದು ಒಬ್ಬರು ನೋಡುತ್ತಲೇ ಇರುತ್ತಾರೆ. ಸುಕ್ಕು ಇದ್ದಲ್ಲಿ ಗಾಳಿ ಇದೆ.

2023ರಲ್ಲಿ ಇದೇ ನದಿಯಲ್ಲಿ ಕೊಮಾಂಚಿ ಮುಂದಿತ್ತು, ‘ಲಾಕನೆಕ್ಟ್’ ಹಿಂದಿತ್ತು. ಮಂದಗಾಳಿಯಲ್ಲಿ ಮುಂದಿದ್ದವರು ಹಿಂದಾಗಿ, ಹಿಂದಿದ್ದವರು ಮುಂದಾಗಿ, ಕೊನೆಗೆ ಲಾಕನೆಕ್ಟ್ 51 ಸೆಕೆಂಡ್ ಅಂತರದಲ್ಲಿ ಮೊದಲು ಮುಟ್ಟಿತು. 628 ಮೈಲಿ ಓಡಿದ ಮೇಲೆ 51 ಸೆಕೆಂಡ್! 1982ರಲ್ಲಿ ಇನ್ನೂ ಹತ್ತಿರ, ‘ಕಾಂಡರ್ ಆಫ್ ಬರ್ಮುಡಾ’ ಗೆದ್ದದ್ದು 7 ಸೆಕೆಂಡಿನಿಂದ.

ಮೊದಲು ಮುಟ್ಟಿದವರೇ ಗೆದ್ದವರು ಎಂದು ಮಾತ್ರ ತಿಳಿಯಬಾರದು. ಪಂದ್ಯದ ದೊಡ್ಡ ಬಹುಮಾನ ಟ್ಯಾಟರ್‌ಸಾಲ್ ಕಪ್ ಸಲ್ಲುವುದು ಹೊಂದಿಸಿದ ಸಮಯದ ಲೆಕ್ಕದಲ್ಲಿ. ಪ್ರತಿ ದೋಣಿಗೂ ಅದರ ಉದ್ದ, ತೂಕ, ಹಾಯಿಯ ಅಳತೆ ನೋಡಿ ಒಂದು ಗುಣಾಂಕ ಕೊಟ್ಟಿರುತ್ತಾರೆ. ಓಡಿದ ಸಮಯವನ್ನು ಅದರಿಂದ ಗುಣಿಸಬೇಕು. ಉದಾಹರಣೆಗೆ, 1.9 ಗುಣಾಂಕದ ದೊಡ್ಡ ದೋಣಿ 40 ಗಂಟೆಯಲ್ಲಿ ಬಂದರೆ ಅದರ ಲೆಕ್ಕ 76 ಗಂಟೆ. 1.05 ಗುಣಾಂಕದ ಸಣ್ಣ ದೋಣಿ 70 ಗಂಟೆಗೆ ಬಂದರೂ ಅದರ ಲೆಕ್ಕ 73.5 ಗಂಟೆ, ಗೆದ್ದದ್ದು ಅದು. ದೊಡ್ಡವರು ದಡ ಸೇರಿದ ಮೇಲೆ ಕಡಲಲ್ಲಿ ಮತ್ತೆ ಉತ್ತರದ ಗಾಳಿ ಎದ್ದರೆ ಹಿಂದಿನವರ ಬೆನ್ನಿಗೆ ಅದು ವರವಾಗುತ್ತದೆ. ಎದುರುಗಾಳಿ ಎದ್ದರೆ ಕಪ್ ದೊಡ್ಡವರ ಪಾಲಾಗುತ್ತದೆ.

ಪಂದ್ಯವನ್ನು ಇಲ್ಲಿಂದಲೇ ನೋಡಬೇಕೆಂದಿರುವವರಿಗೆ ದಾರಿ ಇದೆ. ಪ್ರತಿ ದೋಣಿಯಲ್ಲೂ ಟ್ರ್ಯಾಕರ್ ಇರುತ್ತದೆ, ಪಂದ್ಯದ ಜಾಲತಾಣದ ನಕ್ಷೆಯಲ್ಲಿ ಎಲ್ಲವೂ ಚಲಿಸುವುದು ಕಾಣುತ್ತದೆ. ಮೊದಲ ಸಂಜೆ ಯಾರು ದಡ ಬಿಟ್ಟು ಪೂರ್ವಕ್ಕೆ ಸರಿದರು ಎಂದು ಗುರುತು ಮಾಡಿಕೊಳ್ಳಿ. ರಾತ್ರಿ ನೆಟ್ಟಗಿದ್ದ ಗೆರೆಗಳು ಅಂಕುಡೊಂಕಾದವೆಂದರೆ ತೆಂಕುಗಾಳಿ ಬಂದಿದೆ. ಆ ಹೊತ್ತಿಗೆ ದೋಣಿಗಳ ವೇಗದ ಅಂಕಿ ಹೇಗೆ ಕುಸಿಯಿತು ನೋಡಿ. ಮೊದಲ ದೋಣಿ ಹೋಬಾರ್ಟ್ ಮುಟ್ಟಿದ ಸುದ್ದಿ ಬಂದ ಮೇಲೂ ಇನ್ನೆರಡು ದಿನ ಆ ನಕ್ಷೆ ತೆರೆದಿಟ್ಟಿರಿ. 35–40 ಅಡಿಯ ದೋಣಿಗಳು ಆಗ ಬಾಸ್ ಜಲಸಂಧಿಯ ಆಸುಪಾಸಿನಲ್ಲಿರುತ್ತವೆ, ಕಪ್ ಯಾರದೆಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ.